ಜಪಾನಿನ ಶಾಲೆಯ ಸ್ವಾಗತ ಕೂಟ: ಕುಡಿಯದ, ಮೀನು ತಿನ್ನದ ನಾನು ಹೋಗಲೇಬೇಕಾ?

ಏಪ್ರಿಲ್‌ನಲ್ಲಿ ಜಪಾನಿನ ಸರ್ಕಾರಿ ಮಿಡ್ಲ್ ಸ್ಕೂಲೊಂದಕ್ಕೆ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ ಸೇರುತ್ತಿದ್ದೀರಿ, ಹೊಸಬರ ಸ್ವಾಗತ ಕೂಟಕ್ಕೆ ಈಗಲೇ ಕರೆ ಬಂದಿದೆ, ಮಾಂಸ, ಮೀನು, ಮದ್ಯ ಯಾವುದೂ ಆಗಲ್ಲ, ಹೋಗಲೇಬೇಕಾ ಅಂತ ಕೇಳಿದ್ದೀರಿ. ಹೋಗಿ. ನಾನೂ ಅಲ್ಲಿ ಇದೇ ಕೆಲಸ ಮಾಡಿದವನು, ಸಸ್ಯಾಹಾರಿ ಬೇರೆ.

ಆ ಕೂಟ ನಿಮಗೊಬ್ಬರಿಗೇ ಅಲ್ಲ. ಅಲ್ಲಿ ಶಾಲಾ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತಲೇ ಇರುತ್ತದೆ, ಸುದ್ದಿ ಹೊರಬೀಳುವುದು ಮಾರ್ಚ್‌ನಲ್ಲಿ, ಹಾಗಾಗಿ ಅಂದು ನಿಮ್ಮ ಜೊತೆ ಕಾಲಿಡುವ ಗಣಿತದ ಮೇಷ್ಟ್ರು, ಕೆಲವು ಸಲ ಹೆಡ್‌ಮಾಸ್ಟರು ಕೂಡ ನಿಮ್ಮಷ್ಟೇ ಹೊಸಬರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆಸರು ಹೇಳಿ, ತಲೆ ಬಾಗಿಸಿ, 'ಯೊರೊಶಿಕು ಒನೆಗಾಯ್ಶಿಮಸ್', ಅಂದರೆ ಇನ್ನು ಮುಂದೆ ನಿಮ್ಮ ಸಹಕಾರ ಇರಲಿ, ಅಂದು ಕೂರುತ್ತಾರೆ. ನಿಮ್ಮದೂ ಅಷ್ಟೇ ಇರಲಿ. ಮಕ್ಕಳ ಮುಂದೆ ಇನ್ನೊಂದು ಸಲ ಹೇಳಿಸುತ್ತಾರೆ, ಆನೆ, ಕ್ರಿಕೆಟ್ಟು ಎಲ್ಲ ಅಲ್ಲಿಗೆ ಇಟ್ಟುಕೊಳ್ಳಿ.

ನಿಜವಾದ ತಲೆನೋವು ಊಟದ್ದು. ಕೂಟದ ಉಸ್ತುವಾರಿ ಸಿಬ್ಬಂದಿಯಲ್ಲೇ ಒಬ್ಬರದ್ದು, ಅವರನ್ನು 'ಕನ್‌ಜಿ' ಅಂತಾರೆ. ತಲೆ ಎಣಿಸಿ ಹೋಟೆಲಿಗೆ ಮೊದಲೇ ಆರ್ಡರ್ ಕೊಟ್ಟಿರುತ್ತಾರೆ, ಅಲ್ಲಿ ಹೋಗಿ ಕೂತ ಮೇಲೆ ಹೇಳಿದರೆ ಪಾಪ ಅವರಾದರೂ ಏನು ಮಾಡುತ್ತಾರೆ? ಒಂದು ವಾರ ಮುಂಚೆಯೇ ಹೇಳಿ. ಬರೀ ಸಸ್ಯಾಹಾರಿ ಅಂದರೆ ಸಾಲದು. ಮಿಸೊ ಸೂಪು, ಸೋಬಾ ನೂಡಲ್ಸಿನ ಸಾರು, ಬೇಯಿಸಿದ ತರಕಾರಿ, ಎಲ್ಲದಕ್ಕೂ ಸಾಮಾನ್ಯವಾಗಿ ದಾಶಿ, ಅಂದರೆ ಒಣಮೀನು ಹಾಕಿ ತೆಗೆದ ತಿಳಿ ರಸ, ಹಾಕಿರುತ್ತಾರೆ, ಅದನ್ನು ಮೀನು ಅಂತ ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ ಅಂತ ಚೀಟಿಯಲ್ಲಿ ಬರೆದು ಕೊಡಿ. ಆದರೂ ಮನೆಯಲ್ಲಿ ಒಂದಿಷ್ಟು ಮೊಸರನ್ನ ತಿಂದೇ ಹೊರಡಿ, ಎದಮಾಮೆ ಅನ್ನುವ ಎಳೆ ಸೋಯಾ ಕಾಳು ಸುಲಿಯುತ್ತಾ ರಾತ್ರಿ ಕಳೆಯುವ ಸಾಧ್ಯತೆ ಜಾಸ್ತಿ.

ಕುಡಿಯದಿರುವುದು ನೀವಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಹಳ್ಳಿ ಕಡೆ ತುಂಬಾ ಜನ ಕಾರಲ್ಲೇ ಬರುತ್ತಾರೆ. 2007ರಲ್ಲಿ ಕಾನೂನು ಬಿಗಿಯಾಯಿತು, ಕುಡಿದು ಓಡಿಸಿದವರಿಗಷ್ಟೇ ಅಲ್ಲ, ಓಡಿಸುತ್ತಾರೆ ಅಂತ ಗೊತ್ತಿದ್ದೂ ಕುಡಿಸಿದವರಿಗೆ, ಜೊತೆಗೆ ಕಾರು ಹತ್ತಿದವರಿಗೂ ಶಿಕ್ಷೆ ಇದೆ. ಮೇಷ್ಟ್ರಾದರೆ ಕೆಲಸವೇ ಹೋಗಬಹುದು. ಹಾಗಾಗಿ ಊಲಾಂಗ್ ಚಹಾ ಹಿಡಿದು ಕೂತವರು ನೀವೊಬ್ಬರೇ ಆಗಿರುವುದಿಲ್ಲ. ಆದರೆ ಎಲ್ಲರೂ 'ಕಂಪಾಯ್', ಅಂದರೆ ಚಿಯರ್ಸ್, ಅನ್ನುವ ತನಕ ಆ ಚಹಾಕ್ಕೂ ಬಾಯಿ ಹಚ್ಚಬೇಡಿ. ಪಕ್ಕದವರ ಗ್ಲಾಸ್ ಖಾಲಿಯಾದರೆ ಬಾಟಲಿ ಎತ್ತಿ ಸುರಿಯಿರಿ, ಕುಡಿಯದವರು ಸುರಿಯಬಾರದು ಅಂತೇನಿಲ್ಲ. ಶಾಲೆಯಲ್ಲಿ ಫೈಲಿನಿಂದ ತಲೆ ಎತ್ತದ ವೈಸ್ ಪ್ರಿನ್ಸಿಪಾಲರು ಅಲ್ಲಿ ತಾವಾಗೇ ಪಕ್ಕಕ್ಕೆ ಬಂದು ಕೂತು ನಿಮ್ಮೂರಿನ ಬಗ್ಗೆ ಕೇಳುತ್ತಾರೆ. ನನ್ನ ಮಟ್ಟಿಗೆ ಕೂಟಕ್ಕೆ ಹೋಗಬೇಕಾದದ್ದೇ ಅದಕ್ಕೆ. ಎರಡನೇ ಸುತ್ತು, ಅಂದರೆ 'ನಿಜಿಕಾಯ್', ಬೇಡ ಅನಿಸಿದರೆ ಸುಮ್ನೆ ಮನೆಗೆ ಹೊರಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು ತಲೆಗೆ 4,000ರಿಂದ 5,000 ಯೆನ್ ಅಂದುಕೊಳ್ಳಿ. ಹೊಸಬರಿಂದ ತೆಗೆದುಕೊಳ್ಳದ ಶಾಲೆಗಳೂ ಇವೆ, ಕನ್‌ಜಿಯನ್ನೇ ಕೇಳಿ.

ಇನ್ನು ಮಾರನೇ ದಿನ ಶಾಲೆಗೆ ಹೋದ ತಕ್ಷಣ ಹೆಡ್‌ಮಾಸ್ಟರಿಗೆ, ವೈಸ್ ಪ್ರಿನ್ಸಿಪಾಲರಿಗೆ, ಕನ್‌ಜಿಗೆ ನಿನ್ನೆಯದಕ್ಕೆ ಥ್ಯಾಂಕ್ಸ್ ಹೇಳಿ. ಕೂಟದಲ್ಲಿ ಎಷ್ಟೇ ಸಲ ಹೇಳಿದ್ದರೂ ಬೆಳಿಗ್ಗೆ ಮತ್ತೆ ಹೇಳಬೇಕು.