ಸಿಇಒ ಭರವಸೆ ನಂಬಿ ಷೇರು ಇಟ್ಟುಕೊಳ್ಳಬಹುದೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೆಂಗಳೂರಿನಲ್ಲಿರುವ ಮಗನ ಮಾತು ಕೇಳಿ ಅಮೆರಿಕದ ಒಂದು ಚಿಪ್ ಕಂಪನಿಯ ಷೇರು ಕೊಂಡೆ. ಮೂರು ತಿಂಗಳಿಗೊಮ್ಮೆ ಸಿಇಒ ‘ಎಲ್ಲ ಸರಿಹೋಗುತ್ತಿದೆ’ ಅನ್ನುತ್ತಾರೆ. ಷೇರು ಇಳಿಯುತ್ತಲೇ ಇದೆ. ಬೇಕಂತಲೇ ನಮ್ಮ ದಾರಿ ತಪ್ಪಿಸ್ತಾರಾ?
– ಓದುಗರು, ತಿಪಟೂರು

ಉತ್ತರ: ಮೇಷ್ಟ್ರೇ, ಬೇಕಂತಲೇ ಸುಳ್ಳು ಹೇಳುವವರು ಕಡಿಮೆ. ಆದರೂ ಷೇರುದಾರರ ದಾರಿ ತಪ್ಪುತ್ತದೆ. ಅಮೆರಿಕದ ಚಿಪ್ ಕಂಪನಿ ಇಂಟೆಲ್‌ನದೇ ನೋಡಿ.

2021ರಲ್ಲಿ ಸಿಇಒ ಆದ ಪ್ಯಾಟ್ ಗೆಲ್ಸಿಂಗರ್, ಚಿಪ್ ತಯಾರಿಕೆಯ ಐದು ತಲೆಮಾರುಗಳನ್ನು ನಾಲ್ಕೇ ವರ್ಷದಲ್ಲಿ ದಾಟುತ್ತೇವೆ ಅಂದರು. 2024ರ ಏಪ್ರಿಲ್‌ನಲ್ಲಿ ಕಂಪನಿ ತಯಾರಿಕಾ ವಿಭಾಗದ ಲೆಕ್ಕವನ್ನು ಬೇರೆ ಮಾಡಿ ತೋರಿಸಿತು. ಹಿಂದಿನ ಒಂದೇ ವರ್ಷದಲ್ಲಿ 700 ಕೋಟಿ ಡಾಲರ್ ನಷ್ಟ! ಆಗಸ್ಟ್ 1ಕ್ಕೆ 15,000 ಜನರ ಕೆಲಸಕ್ಕೆ ಕತ್ತರಿ, ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಬಂದ್ ಅಂದರು. ಮರುದಿನ ಷೇರು ಶೇ 26ರಷ್ಟು ಬಿತ್ತು. ಅದಾದ ಮೇಲೂ ಗೆಲ್ಸಿಂಗರ್ ತಮ್ಮ ದುಡ್ಡಿನಲ್ಲಿ ಷೇರು ಕೊಂಡರು. ತಮ್ಮ ಮಾತನ್ನು ಅವರು ಮನಸಾರೆ ನಂಬಿದ್ದರು ಅಂತಲೇ ನನಗನಿಸುತ್ತದೆ. ಡಿಸೆಂಬರ್ ಹೊತ್ತಿಗೆ ಅವರೂ ಹುದ್ದೆಯಲ್ಲಿರಲಿಲ್ಲ. ಷೇರುದಾರರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಆ ದಾವೆಯನ್ನು ವಜಾ ಮಾಡಿದರು.

ಅಮೆರಿಕದಲ್ಲಿ 1995ರ ಒಂದು ಕಾನೂನಿದೆ. ‘ಮುಂದೆ ಹೀಗಾಗಬಹುದು’ ಅನ್ನುವ ಮಾತಿನ ಜೊತೆ ಸರಿಯಾದ ಎಚ್ಚರಿಕೆ ಕೊಟ್ಟಿದ್ದರೆ ಸಾಮಾನ್ಯವಾಗಿ ಕಂಪನಿಗೆ ರಕ್ಷಣೆ ಸಿಗುತ್ತದೆ. ಆದದ್ದನ್ನು ಹೇಳದೆ ಬಿಟ್ಟರೆ ಕತೆ ಬೇರೆ. ಗೇಮಿಂಗ್ ಚಿಪ್‌ಗಳ ಮಾರಾಟ ಏರಿದ್ದರಲ್ಲಿ ಕ್ರಿಪ್ಟೊ ಮೈನಿಂಗ್‌ನ, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ಹಣ ಗಳಿಸುವವರ, ದೊಡ್ಡ ಪಾಲಿದೆ ಎಂದು ತಿಳಿಸಲಿಲ್ಲ ಅನ್ನುವ ಆರೋಪಕ್ಕೆ ಇನ್ನೊಂದು ಚಿಪ್ ಕಂಪನಿ ಎನ್‌ವಿಡಿಯಾ 2022ರಲ್ಲಿ 55 ಲಕ್ಷ ಡಾಲರ್ ದಂಡ ಕಟ್ಟಿತು. ತಪ್ಪನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ನಾನೂ ಬೆಂಗಳೂರಿನ ಒಂದು ಕಂಪನಿಯಲ್ಲಿ ಚಿಪ್ ಪರೀಕ್ಷಿಸುವ ತಂಡದಲ್ಲಿದ್ದೆ. ಟೇಪ್‌ಔಟ್‌ಗೆ, ಅಂದರೆ ವಿನ್ಯಾಸವನ್ನು ಕಾರ್ಖಾನೆಗೆ ಕಳಿಸುವ ದಿನಕ್ಕೆ, ಹನ್ನೊಂದು ದಿನ ಬಾಕಿ. ಮೆಮೊರಿ ಕಂಟ್ರೋಲರ್‌ನಲ್ಲಿ ಒಂದು ಬಗ್ ಸಿಕ್ಕಿತು. ಶೀಟಿನ ಆ ಸಾಲಿಗೆ ಕೆಂಪು ಹಚ್ಚಿ ಕಳಿಸಿದೆ. ಮ್ಯಾನೇಜರ್ ‘ಹುಡುಗರು ಎರಡು ದಿನದಲ್ಲಿ ಸರಿಮಾಡ್ತಾರೆ’ ಅಂತ ಹಳದಿ ಮಾಡಿದರು. ಅವರ ಮೇಲಿನವರ ಸ್ಲೈಡಿನಲ್ಲಿ ಅದು ಹಸಿರಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಆಸೆ ಸೇರಿಸಿದ್ದರು, ಅಷ್ಟೇ. ಟೇಪ್‌ಔಟ್ ಏಳು ವಾರ ಮುಂದೆ ಹೋಯಿತು. ಆ ಏಳು ವಾರ ನಾನು ಮನೆಯಲ್ಲಿ ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಹಸಿರು ಸ್ಲೈಡ್ ನೋಡಿ ಷೇರು ಹಿಡಿದುಕೊಂಡವರ ಸಂಕಟ ಇನ್ನೂ ಜಾಸ್ತಿ, ಅಲ್ವಾ?

ಅದಕ್ಕೇ, ಸಿಇಒ ಏನಂದರು ಅನ್ನುವುದನ್ನು ಸದ್ಯಕ್ಕೆ ಬದಿಗಿಡಿ. ಒಂದು ನೋಟ್‌ಬುಕ್ ತಗೊಂಡು, ಅವರು ಕೊಟ್ಟ ತಾರೀಖುಗಳನ್ನು ಮಾತ್ರ ಬರೆಯಿರಿ. ಓಹಾಯೊ ಕಾರ್ಖಾನೆ 2025ಕ್ಕೆ ಶುರು ಅಂತ ಇಂಟೆಲ್ 2022ರಲ್ಲಿ ಹೇಳಿತ್ತು. ಈಗ ಅದು 2030 ದಾಟಬಹುದು. ತಾರೀಖಿನ ಪಕ್ಕದಲ್ಲಿ ಡಿವಿಡೆಂಡ್ ಬರೆಯಿರಿ. ಇಂಟೆಲ್ ಅದನ್ನು 2023ರ ಫೆಬ್ರುವರಿಯಲ್ಲೇ ಮೂರರಲ್ಲಿ ಒಂದು ಪಾಲಿಗೆ ಇಳಿಸಿತ್ತು, ಕುಸಿತಕ್ಕಿಂತ ಒಂದೂವರೆ ವರ್ಷ ಮೊದಲು. ಎರಡು ತಾರೀಖು ತಪ್ಪಿ, ಡಿವಿಡೆಂಡೂ ಇಳಿದಿದ್ದರೆ ಮಗನ ಜೊತೆ ಕೂತು ಮಾತಾಡಿ. ಅದು ಪೆನ್ಷನ್ ದುಡ್ಡಾದರೆ, ಮುಂದಿನ ಮೂರು ತಿಂಗಳಿಗೆ ಕಾಯಬೇಡಿ.