ಹುಲ್ಲು ಕತ್ತರಿಸೋ ಮೆಷಿನ್ ಬಗ್ಗೆ ಕೇಳಿದ್ದಿರಲ್ಲ

ಮೊದಲು ನನ್ನನ್ನು ಸರ್ ಅನ್ನೋದು ಬಿಡಿ. ಅಣ್ಣ ಅಂದರೆ ಸಾಕು.

ನೀವು ಬರೆದದ್ದು ಓದಿದೆ. ಇಲ್ಲಿ ವಿದೇಶದಲ್ಲಿ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಗಿದೆ. ಹಿಂದೆ ಮುಂದೆ ಸೇರಿ ಸುಮಾರು 200 ಚದರ ಮೀಟರ್ ಜಾಗ. ಹುಲ್ಲು ಮೊಣಕಾಲಿಗೆ ಬಂದಿದೆ, ಕತ್ತರಿಸಿ ಅಂತ ಓನರ್ ಮೆಸೇಜ್ ಹಾಕಿದ್ದಾರೆ. ಬ್ಯಾಟರಿ ಮೋವರ್ ತಗೊಳ್ಳೋಣ ಅಂತಿದ್ದೀರಿ. 40 ವೋಲ್ಟಾ 80 ವೋಲ್ಟಾ, ಒಂದು ಚಾರ್ಜಿಗೆ ಎಷ್ಟು ಹೊತ್ತು ಓಡುತ್ತದೆ, ತಾನೇ ಮುಂದೆ ಹೋಗುವಂಥದ್ದು ಬೇಕಾ, ವಾಪಸ್ ಹೋಗುವಾಗ ಊರಿಗೆ ಒಯ್ಯಬಹುದಾ. ಇಷ್ಟೇ ತಾನೆ?

ಓನರ್ ಮೆಸೇಜಿಗೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಮೆಸೇಜೂ ಬರಲಿಲ್ಲ. ಬಂದ ಮೊದಲ ಬೇಸಿಗೆಯಲ್ಲಿ ಹುಲ್ಲು ಎದ್ದು ನಿಂತಾಗ ನನಗೆ ಖುಷಿಯೇ ಆಗಿತ್ತು. ಹುಲ್ಲು ಚೆನ್ನಾಗಿ ಬಂದರೆ ಖುಷಿ ಪಡೋ ಮನೆಯಿಂದ ಬಂದವರು ನಾವು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಮನೆ ಮುಂದಿನ ಜಾಗವೆಲ್ಲ ನೀಟಾಗಿ ಕ್ರಾಪ್ ಹೊಡೆಸಿಕೊಂಡು ಕೂತಿದೆ. ಪಕ್ಕದ ಮನೆಯ ಅಜ್ಜ ತಮ್ಮದರ ಜೊತೆ ನನ್ನದನ್ನೂ ಹೊಡೆದುಬಿಟ್ಟಿದ್ದರು. ಅದು ಉಪಕಾರ ಅಂತ ನನಗೆ ಹೊಳೆಯಲೇ ಇಲ್ಲ. ಅವಮಾನ ಅನಿಸಿತು. ಅದೇ ಸಿಟ್ಟಲ್ಲಿ ಶನಿವಾರ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡ ಮೆಷಿನ್ ತಂದೆ. ಒಂದು ಸಲಕ್ಕೆ 53 ಸೆಂಟಿಮೀಟರ್ ಅಗಲ ಕತ್ತರಿಸುವಂಥದ್ದು, ಸ್ಟೀಲ್ ಡೆಕ್ (ಬ್ಲೇಡನ್ನು ಮುಚ್ಚೋ ಭಾಗ), ತಾನೇ ಮುಂದೆ ಹೋಗುವಂಥದ್ದು. ಬ್ಯಾಟರಿ ಹಾಕಿದರೆ 30 ಕಿಲೋ ಹತ್ತಿರ. ನನ್ನ ಜಾಗ ನಿಮ್ಮದಕ್ಕಿಂತ ಚಿಕ್ಕದು! ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೇಲಿ, ಅಲ್ಲಿ ಅದನ್ನು ತಿರುಗಿಸೋಕೆ ಒದ್ದಾಟ.

ಈಗ ವೋಲ್ಟ್ ವಿಷಯ. ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. 40 ಅಂತ ಬರೆದಿರೋದು ಚಾರ್ಜ್ ತುಂಬಿದಾಗಿನ ಲೆಕ್ಕ, ಕೆಲಸಕ್ಕೆ ಸಿಗೋದು ಸರಾಸರಿ 36. ಹಾಗೆಯೇ 80 ಅಂದರೆ 72. ಅದನ್ನು ಬ್ಯಾಟರಿ ಮೇಲಿರೋ ಆಂಪಿಯರ್ ಅವರ್ (Ah) ಅಂಕಿಯಿಂದ ಗುಣಿಸಿ, ಒಳಗೆ ಒಟ್ಟು ಎಷ್ಟು ಶಕ್ತಿ ಇದೆ ಅನ್ನೋದು ವ್ಯಾಟ್ ಅವರ್ ಲೆಕ್ಕದಲ್ಲಿ ಸಿಗುತ್ತದೆ. 36 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ 180 ವ್ಯಾಟ್ ಅವರ್. 72 ವೋಲ್ಟಿನ 2.5 ಆಂಪಿಯರ್ ಅವರ್ ಬ್ಯಾಟರಿಯೂ 180. ಟ್ಯಾಂಕು ಅಷ್ಟೇ, ಡಬ್ಬ ಮಾತ್ರ ಬೇರೆ. ಜಾಸ್ತಿ ವೋಲ್ಟ್ ಬೇಕಾಗೋದು ಅಗಲವಾದ ಬ್ಲೇಡ್ ತಿರುಗಿಸೋ ದೊಡ್ಡ ಮೋಟಾರಿಗೆ. ನಿಮ್ಮ 200 ಚದರ ಮೀಟರಿಗೆ 40 ವೋಲ್ಟ್, 4 ಅಥವಾ 5 ಆಂಪಿಯರ್ ಅವರ್, 37ರಿಂದ 42 ಸೆಂಟಿಮೀಟರ್ ಅಗಲ ಇದ್ದರೆ ಧಾರಾಳ. ಮೋಟಾರು ಬ್ರಶ್‌ಲೆಸ್ ಇರಲಿ. ಅದರಲ್ಲಿ ಸವೆಯೋಕೆ ಕಾರ್ಬನ್ ಬ್ರಶ್ ಇರುವುದಿಲ್ಲ, ಬ್ಯಾಟರಿಯೂ ಕಡಿಮೆ ತಿನ್ನುತ್ತದೆ.

ಎಷ್ಟು ಹೊತ್ತು ಓಡುತ್ತದೆ ಅಂದರೆ, ಡಬ್ಬದಲ್ಲಿ 45 ನಿಮಿಷ ಅಂತ ಇದ್ದರೆ ಅದು ಒಣಗಿದ ಗಿಡ್ಡ ಹುಲ್ಲಿಗೆ. ಒದ್ದೆ ಇದ್ದರೆ, ದಟ್ಟ ಇದ್ದರೆ ಅರ್ಧಕ್ಕೇ ನಿಂತರೂ ಆಶ್ಚರ್ಯ ಇಲ್ಲ. ನಿಮ್ಮ ಕೆಲಸ ಇಪ್ಪತ್ತು, ಇಪ್ಪತ್ತೈದು ನಿಮಿಷದ್ದು. ಅದರ ಯೋಚನೆ ಬಿಡಿ. ಕೆಲವು ಡಬ್ಬದಲ್ಲಿ ಬರೀ ಮೆಷಿನ್ ಇರುತ್ತದೆ, ಬ್ಯಾಟರಿ ಚಾರ್ಜರ್ ಇರೋದಿಲ್ಲ. ಅಗ್ಗ ಕಂಡರೆ ಮೊದಲು ಅದನ್ನು ನೋಡಿ.

ಯೋಚನೆ ಮಾಡಬೇಕಾದ್ದು ಆ ಬ್ಯಾಟರಿ ಇನ್ನೂ ಐದು ವರ್ಷ ಬಿಟ್ಟು ಸಿಗುತ್ತದಾ ಅನ್ನೋದು. ಸಾಮಾನ್ಯವಾಗಿ ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅದೇ ಬ್ಯಾಟರಿಗೆ ಕೈಯಲ್ಲಿ ಹಿಡಿದು ಹುಲ್ಲು ಸವರೋ ಟ್ರಿಮ್ಮರು, ಎಲೆ ಊದೋ ಬ್ಲೋವರು ಎಲ್ಲ ಮಾರುತ್ತಿದ್ದರೆ ಆ ಸಾಲು ಇನ್ನೂ ನಡೀತಿದೆ ಅಂತ ಅರ್ಥ. ನಾನು ಅದನ್ನು ನೋಡಲಿಲ್ಲ. ನಾಲ್ಕನೇ ವರ್ಷದ ಚಳಿಗಾಲಕ್ಕೆ ಮುಂಚೆ ಕೊನೆಯ ಸಲ ಹೊಡೆದು, ಖಾಲಿಯಾದ ಬ್ಯಾಟರಿಯನ್ನು ಹಾಗೇ ಶೆಡ್ಡಲ್ಲಿ ಬಿಟ್ಟೆ. ಬೇಸಿಗೆಗೆ ತೆಗೆದು ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಣಮಿಣ. ಲಿಥಿಯಂ ಬ್ಯಾಟರಿ ಖಾಲಿ ಇಟ್ಟರೆ ಕೂತಲ್ಲೇ ಇನ್ನೂ ಇಳಿಯುತ್ತದೆ, ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಚಾರ್ಜರ್ ಅದನ್ನು ಮುಟ್ಟುವುದೇ ಇಲ್ಲ. ಹೊಸದು ತರೋಣ ಅಂದರೆ ಆ ಸಾಲನ್ನೇ ನಿಲ್ಲಿಸಿದ್ದರು. ಮೋಟಾರು ಸರಿ, ಬ್ಲೇಡು ಸರಿ, ಮೆಷಿನ್ ಮಾತ್ರ ಕಬ್ಬಿಣ. ನೀವು ಚಳಿಗಾಲಕ್ಕೆ ಅರ್ಧ ಚಾರ್ಜ್ ಇಟ್ಟು, ಬ್ಯಾಟರಿಯನ್ನು ಮನೆಯೊಳಗೆ ತಂದಿಡಿ. ಹೊರಗೆ ಸೊನ್ನೆಗಿಂತ ಕೆಳಗಿದ್ದಾಗ ಅಲ್ಲೇ ಚಾರ್ಜಿಗೆ ಹಾಕಬೇಡಿ. ಹುಲ್ಲು ಹೊಡೆದು ಬಂದು ಬಿಸಿ ಇರುವಾಗಲೂ ಹಾಕಬೇಡಿ, ಆರಲಿ.

ತಾನೇ ಮುಂದೆ ಹೋಗುವಂಥದ್ದು ಬೇಕಾ ಅಂತ ಕೇಳಿದಿರಿ. ಬೇಡ. ಜಾಗ ಸಮತಟ್ಟಾಗಿದೆ ಅಂತ ನೀವೇ ಬರೆದಿದ್ದೀರಿ. ಚಕ್ರ ತಿರುಗಿಸೋಕೂ ಅದೇ ಬ್ಯಾಟರಿ ಖರ್ಚಾಗುತ್ತದೆ, ತೂಕ ಬೇರೆ. ಆದರೆ ನಾನು ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ.

ಮೂರನೇ ವರ್ಷ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಸುಮ್ನೆ ಕೂರೋ ಜನ ಅಲ್ಲ. ಬಂದ ವಾರದಲ್ಲೇ ಮನೆಯ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಮುಗಿಸಿದ್ದರು. ಒಂದು ಬೆಳಿಗ್ಗೆ ನೋಡಿದರೆ ಮೆಷಿನ್ ಹೊರಗೆ ತಂದು, ತೋಳು ಮಡಚಿ ನಿಂತಿದ್ದಾರೆ. ನಾನು ಮಾಡೋದನ್ನು ನೋಡಿ ನೋಡಿ ಎಲ್ಲ ಕಲಿತಿದ್ದರು. ಬಟನ್ ಒತ್ತಿದರು, ಸರಳು ಹಿಡಿದರು, ಬ್ಲೇಡ್ ಶುರುವಾಯಿತು. ಮುಂದೆ ಹೋಗೋ ಲಿವರ್ ಒತ್ತಿದ್ದೇ ತಡ, ಮೆಷಿನ್ ಅವರನ್ನು ಎಳೆದುಕೊಂಡೇ ಹೊರಟಿತು. ಎರಡು ಹೆಜ್ಜೆ ಮುಗ್ಗರಿಸಿ ಕೈ ಬಿಟ್ಟರು. ಕೈ ಬಿಟ್ಟರೆ ಬ್ಲೇಡ್ ತಾನಾಗಿ ನಿಲ್ಲುತ್ತದೆ, ಪುಣ್ಯ. ಅಪ್ಪ ನಗುತ್ತಾ, "ಲೋ, ಇದು ಹೊಸ ಹೋರಿ ಥರ ಎಳೀತದೆ" ಅಂದರು.

ನಾನು ನಗಲಿಲ್ಲ. ಪಕ್ಕದ ಅಜ್ಜ ವರಾಂಡದಲ್ಲಿ ಕೂತು ನೋಡುತ್ತಿದ್ದರು. "ನಿಮಗೆ ಇದೆಲ್ಲ ಆಗಲ್ಲಪ್ಪ, ಒಳಗೆ ಹೋಗಿ" ಅಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಅಂದೆ. ಅಪ್ಪ ಏನೂ ಹೇಳದೆ ಕೈಗೆ ಅಂಟಿದ್ದ ಹುಲ್ಲನ್ನು ಒಂದೊಂದೇ ಎಳೆಯಾಗಿ ತೆಗೆದು ಒಳಗೆ ಹೋದರು. ಉಳಿದ ನಾಲ್ಕು ತಿಂಗಳು ಶೆಡ್ ಕಡೆ ಬರಲಿಲ್ಲ. ನಾನು ಹುಲ್ಲು ಹೊಡೆಯುವಾಗ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಈಗಿರೋದು 38 ಸೆಂಟಿಮೀಟರಿನದು, ತೂಕ 15 ಕಿಲೋ. ಪೆಟ್ರೋಲ್ ಆಯಿಲ್ ಇಲ್ಲದ್ದರಿಂದ ಹ್ಯಾಂಡಲ್ ಮಡಚಿ ಗೋಡೆಗೆ ನೆಟ್ಟಗೆ ನಿಲ್ಲಿಸಬಹುದು. ಮಗಳು ತಳ್ಳುತ್ತಾಳೆ. ಅಪ್ಪನೂ ತಳ್ಳಬಹುದಿತ್ತು. ಈಗ ಅವರಿಗೆ ಮಂಡಿ ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರೋಕೆ ಆಗುವುದಿಲ್ಲ. ನಿಮ್ಮ ಅಪ್ಪ ಅಮ್ಮ ಮುಂದಿನ ವರ್ಷ ಬರುತ್ತಾರೆ ಅಂತ ಬರೆದಿದ್ದೀರಲ್ಲ, ಅಂಗಡಿಯಲ್ಲಿ ಮೆಷಿನನ್ನು ಒಮ್ಮೆ ಎತ್ತಿ ನೋಡಿ. ತಳ್ಳಿ, ತಿರುಗಿಸಿ. ಯಾರೂ ಬೇಡ ಅನ್ನೋದಿಲ್ಲ.

ಈ ವಾರದ ತುರ್ತು ಕೆಲಸ ಅಂದರೆ ಆ ಮೊಣಕಾಲುದ್ದ ಹುಲ್ಲು. ಅದಕ್ಕೆ ನೇರ ಮೋವರ್ ಹಾಕಿದರೆ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಕಟ್ ಆಫ್ ಆಗುತ್ತದೆ. ಯಾರ ಹತ್ತಿರವಾದರೂ ಟ್ರಿಮ್ಮರ್ ಇಸ್ಕೊಂಡು ಮೊದಲು ಮೇಲಿಂದ ಇಳಿಸಿ. ಎರಡು ದಿನ ಬಿಟ್ಟು ಮೋವರನ್ನು ಅತಿ ಎತ್ತರದ ಸೆಟ್ಟಿಂಗಿಗೆ ಇಟ್ಟು ಹೊಡೆಯಿರಿ, ಆಮೇಲೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಿದರೆ ಹುಲ್ಲು ಹಳದಿ ಆಗುತ್ತದೆ. ಹದಕ್ಕೆ ಬಂದ ಮೇಲೆ ಕತ್ತರಿಸಿದ್ದನ್ನು ಗುಡಿಸೋದು ಬೇಡ. ಮಲ್ಚ್ ಮಾಡೋ ಮುಚ್ಚಳ ಹಾಕಿದರೆ ಅಲ್ಲೇ ಪುಡಿಯಾಗಿ ಬಿದ್ದು ಗೊಬ್ಬರ ಆಗುತ್ತದೆ. ಚಪ್ಪಲಿಯಲ್ಲಿ ಇಳಿಯಬೇಡಿ, ಶೂ ಹಾಕಿ, ಕಲ್ಲು ಸಿಡಿಯುತ್ತದೆ. ಅಡಿ ತೊಳೆಯೋಕೆ ಪೈಪ್ ನೀರು ಹಿಡಿಯಬೇಡಿ. ಕೆಳಗೆ ಕೈ ಹಾಕೋ ಮುಂಚೆ ಕೀ ಮತ್ತು ಬ್ಯಾಟರಿ ಎರಡನ್ನೂ ತೆಗೆಯಿರಿ. ಇದೊಂದನ್ನು ಮಾತ್ರ ಮರೆಯಬೇಡಿ ಮಾರಾಯ್ರೇ.

ಊರಿಗೆ ಒಯ್ಯೋ ಮಾತು ಬಿಡಿ. ಬ್ಯಾಟರಿ 100 ವ್ಯಾಟ್ ಅವರ್ ದಾಟಿದರೆ ವಿಮಾನದವರ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರ ಲಗೇಜಲ್ಲಿ ಬಿಡುವುದೇ ಇಲ್ಲ. ನಿಮ್ಮದು 180 ಆದರೆ ಅಲ್ಲಿಗೆ ಮುಗಿಯಿತು. ನಾನೂ ಅಪ್ಪನಿಗೆ ಒಂದು ಕಳಿಸೋಣ ಅಂತ ಇದನ್ನೆಲ್ಲ ವಿಚಾರಿಸಿದ್ದೆ. ಫೋನಲ್ಲಿ ಅವರಿಗೆ ಹೇಳಿದೆ, ಈಗಿನದು ಹಗುರ, ಎಳೆಯೋದಿಲ್ಲ, ಹುಲ್ಲನ್ನು ಅಲ್ಲೇ ಪುಡಿ ಮಾಡಿ ಉದುರಿಸುತ್ತದೆ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಪುಡಿ ಮಾಡಿ ಅಲ್ಲೇ ಉದುರಿಸಿದ್ರೆ ದನಕ್ಕೆ ಏನೋ ಹಾಕೋದು?"