ಅಪ್ಪನ ಕ್ಯಾಸೆಟ್ಟುಗಳಿಗೆ ಎಂಪಿಥ್ರೀ ಸಾಕೇ?

ಪ್ರಶ್ನೆ: ನಮ್ಮ ತಂದೆಯವರು ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕಾರ್ಯಕ್ರಮಗಳಲ್ಲಿ ಕುಳಿತು ಮುದ್ರಿಸಿಕೊಂಡ ಹಾಗೂ ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟುಕೊಂಡ ಸುಮಾರು 200 ಕ್ಯಾಸೆಟ್ಟುಗಳು ನಮ್ಮ ಮನೆಯ ಅಟ್ಟದ ಮೇಲಿವೆ. ಇವನ್ನು ಕಂಪ್ಯೂಟರಿಗೆ ಇಳಿಸಬೇಕೆಂದಿದ್ದೇನೆ. ಎಂಪಿಥ್ರೀ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಅದರ ಕಾಲ ಮುಗಿಯಿತು, ಫ್ಲ್ಯಾಕ್ (ಧ್ವನಿಯಲ್ಲಿ ಏನನ್ನೂ ಕಳೆಯದೆ ಉಳಿಸುವ ಕಡತದ ಬಗೆ) ಮಾಡಿಸಿರಿ ಎಂದು ಮಗ ಹೇಳುತ್ತಾನೆ. ಯಾರ ಮಾತು ಕೇಳಲಿ? ನನ್ನಲ್ಲಿರುವ ಹಳೆಯ ಎಂಪಿಥ್ರೀಗಳನ್ನೂ ಫ್ಲ್ಯಾಕ್‌ಗೆ ಬದಲಿಸಬೇಕೇ?
— ಓದುಗರೊಬ್ಬರು, ಗದಗ

ಉತ್ತರ: ಕ್ಯಾಸೆಟ್ಟುಗಳ ಮಟ್ಟಿಗೆ ನಿಮ್ಮ ಮಗನ ಸಲಹೆಯನ್ನೇ ಕೇಳಿರಿ, ಆದರೆ ಅದಕ್ಕೆ ಕೊಟ್ಟ ಕಾರಣವನ್ನು ನಾನು ಒಪ್ಪುವುದಿಲ್ಲ. ಎಂಪಿಥ್ರೀಗೆ ಇಂದಿಗೂ ಮಾಡಲು ಕೆಲಸವಿದೆ. ಮೂಲಪ್ರತಿಯನ್ನು ಕಾಪಾಡುವ ಕೆಲಸವನ್ನು ಮಾತ್ರ ಅದಕ್ಕೆ ಒಪ್ಪಿಸಬಾರದು.

ಸಿಡಿಯಲ್ಲಿ ಪ್ರತಿ ಸೆಕೆಂಡಿನ ಧ್ವನಿಯನ್ನು ಎರಡು ಚಾನೆಲ್‌ಗಳಲ್ಲಿ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವುದರಿಂದ, ಅದು ಸೆಕೆಂಡಿಗೆ 1,411 ಕಿಲೊಬಿಟ್ ಆಗುತ್ತದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ರೂಪಿಸಿದ ಎಂಪಿಥ್ರೀ ಇದನ್ನು 128 ಕಿಲೊಬಿಟ್‌ಗೆ, ಅಂದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿತು. ಜೋರಾದ ಒಂದು ಸ್ವರ ಮೊಳಗುವಾಗ ಅದರ ನೆರೆಯ ಕ್ಷೀಣ ಸ್ವರ ನಮ್ಮ ಕಿವಿಗೆ ಕೇಳಿಸುವುದಿಲ್ಲವಾದ್ದರಿಂದ, ಅಂಥ ಭಾಗವನ್ನು ಒರಟಾಗಿ ಬರೆದರೂ ನಡೆಯುತ್ತದೆ ಎಂಬುದೇ ಆ ಜಾಣ್ಮೆಯ ತಿರುಳು. ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು ಎಂದು ಹುಬ್ಬಳ್ಳಿಯ ಪೇಟೆಯಲ್ಲಿ ಮಾರುತ್ತಿದ್ದುದು ಇದರಿಂದಾಗಿಯೇ. ಆಗ ಜಾಗ ದುಬಾರಿಯಾಗಿತ್ತು, ಇಂಟರ್‌ನೆಟ್ ನಿಧಾನವಾಗಿತ್ತು. ಈಗ ನಿಮ್ಮ 200 ಕ್ಯಾಸೆಟ್ಟುಗಳೂ 90 ನಿಮಿಷದವೇ ಎಂದಿಟ್ಟುಕೊಂಡರೂ, ಸಿಡಿಯ ಗುಣಮಟ್ಟದಲ್ಲಿ, ಏನೂ ಕುಗ್ಗಿಸದೆ, ಸುಮಾರು 190 ಜಿಬಿ ಆಗುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಒಂದು ಬಿಟ್ಟನ್ನೂ ಕಳೆಯದೆ ಇದನ್ನು ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಡಚಿಡುತ್ತದೆ. ಅಂದರೆ ಅಟ್ಟದ ಮೇಲಿನದೆಲ್ಲ ಬೆರಳುದ್ದದ ಪೆನ್‌ಡ್ರೈವಿನಲ್ಲಿ ಕೂರುತ್ತದೆ.

ಹಾಗಾದರೆ ಎಂಪಿಥ್ರೀ ಕಿವಿಗೆ ಕೆಟ್ಟದ್ದೇ? 256 ಅಥವಾ 320 ಕಿಲೊಬಿಟ್‌ನಲ್ಲಿ, ಒಳ್ಳೆಯ ಎನ್‌ಕೋಡರಿನಿಂದ (ಧ್ವನಿಯನ್ನು ಕುಗ್ಗಿಸುವ ತಂತ್ರಾಂಶದಿಂದ) ಮಾಡಿದ್ದಾದರೆ, ಮೂಲಕ್ಕೂ ಅದಕ್ಕೂ ವ್ಯತ್ಯಾಸ ಹಿಡಿಯಬಲ್ಲವರು ತೀರ ಕಡಿಮೆ; ನಾನಂತೂ ಅವರಲ್ಲಿಲ್ಲ. ನಂಬಿಕೆ ಬಾರದಿದ್ದರೆ ಸಿಡಿಯೊಂದರಿಂದ ಎರಡೂ ಬಗೆಯ ಕಡತ ಮಾಡಿ, ಯಾವುದು ಯಾವುದೆಂದು ತಿಳಿಸದೆ ನುಡಿಸುವಂತೆ ಮಗನಿಗೆ ಹೇಳಿರಿ. 16 ಸಲದಲ್ಲಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ಕೇಳಿಸಿತೆಂದು ಹೇಳಬಹುದು, ಅದಕ್ಕಿಂತ ಕೆಳಗಿನದನ್ನು ಊಹೆಯ ಲೆಕ್ಕಕ್ಕೇ ಹಿಡಿಯಬೇಕು. ಫ್ಲ್ಯಾಕ್ ಬಗ್ಗೆ ದೊಡ್ಡ ದನಿಯಲ್ಲಿ ವಾದಿಸುವ ಕೆಲವರು ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತಿರುತ್ತಾರೆ, ಆ ದಾರಿಯಲ್ಲಿ ಫೋನು ಧ್ವನಿಯನ್ನು ಸಾಮಾನ್ಯವಾಗಿ ಮತ್ತೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

128ಕ್ಕೆ, ಅದಕ್ಕೂ ಕೆಳಗೆ 64ಕ್ಕೆ ಇಳಿದಾಗ ಸಂಗತಿ ಬೇರೆ, ಅದರಲ್ಲಿಯೂ ನಮ್ಮ ಸಂಗೀತದಲ್ಲಿ ಬೇರೆ. ತಬಲಾದ ಅಂಚಿನ ಮೇಲೆ ಬೀಳುವ ‘ನಾ’ ಥಟ್ಟನೆ ಹುಟ್ಟುವ ನಾದ. ಎಂಪಿಥ್ರೀ ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ, ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 26 ಭಾಗದಷ್ಟು ಉದ್ದದ ತುಂಡುಗಳಾಗಿ ನೋಡುವುದರಿಂದ, ಒರಟುತನದ ಸದ್ದು ಪೆಟ್ಟಿನ ಬಳಿಕ ಮಾತ್ರವಲ್ಲದೆ ಮುಂಚೆಯೂ ಹರಡಿ, ಪೆಟ್ಟು ಬೀಳುವ ಮೊದಲೇ ಅದರ ನೆರಳು ಕೇಳಿಸಿದಂತಾಗುತ್ತದೆ. ತಂಬೂರಿಯದು ಇದಕ್ಕೆ ತದ್ವಿರುದ್ಧವಾದ ತೊಂದರೆ. ಜವಾರಿಯಿಂದ (ತಂತಿ ತಾಗುವ ಕುದುರೆಯ ಬಾಗಿನಿಂದ) ಏಳುವ ಹತ್ತಾರು ಉಪಸ್ವರಗಳು ಎಡೆಬಿಡದೆ ಮಿನುಗುತ್ತಿರುತ್ತವೆ. ಬಿಟ್‌ಗಳು ಸಾಲದಾದಾಗ ಎನ್‌ಕೋಡರು ಕೆಲವನ್ನು ಬಿಡುತ್ತ ಹಿಡಿಯುತ್ತ ಹೋಗಿ, ತಂಬೂರಿ ನೀರೊಳಗಿಂದ ನುಡಿದಂತೆ ಗುಳುಗುಳು ಎನ್ನುತ್ತದೆ.

ನಿಮ್ಮ ಕ್ಯಾಸೆಟ್ಟುಗಳಲ್ಲಿ ಇದರ ಮೇಲೆ ಟೇಪಿನ ‘ಸುಸ್’ ಸದ್ದೂ ಇರುತ್ತದೆ. ಮಧ್ಯಮ ತರಂಗದ ರೇಡಿಯೊದಿಂದ ಹಿಡಿದ ಹಾಡಿನಲ್ಲಿ 5,000 ಹರ್ಟ್ಸ್‌ನಿಂದ ಮೇಲೆ ಸಂಗೀತವೇ ಹೆಚ್ಚು ಇರುವುದಿಲ್ಲವಾದ್ದರಿಂದ, ಎಂಪಿಥ್ರೀ ಕತ್ತರಿಸಿದರೆ ಕಳೆಯುವುದೇನು ಎಂದು ತೋರಬಹುದು. ಆದರೆ ಗೊತ್ತುಗುರಿಯಿಲ್ಲದ ಆ ಸುಸ್ ಸದ್ದನ್ನು ಬರೆಯುವುದಕ್ಕೇ ಬಿಟ್‌ಗಳು ಖರ್ಚಾಗಿ, ಹಾಡಿನ ಪಾಲಿಗೆ ಉಳಿಯುವುದು ಕಡಿಮೆಯಾಗುತ್ತದೆ. ಮುಂದೆ ಯಾರಾದರೂ ಆ ಸದ್ದನ್ನು ತೆಗೆದು, ಕತ್ತರಿಸಿ, ಮತ್ತೆ ಉಳಿಸಲು ಹೊರಟರೆ ನಷ್ಟದ ಮೇಲೆ ನಷ್ಟ. ಇದೇ ಕಾರಣಕ್ಕೆ ಮೂಲಪ್ರತಿ ಫ್ಲ್ಯಾಕ್‌ನಲ್ಲಿಯೇ ಇರಲಿ ಎಂದೆ.

ಅಂಗಡಿಯವರಾಗಲಿ ಮಗನಾಗಲಿ ಎತ್ತದ ಮಾತೊಂದಿದೆ. ಫಾರ್ಮ್ಯಾಟಿಗಿಂತ ಹೆಚ್ಚು ನಷ್ಟವಾಗುವುದು ಪ್ಲೇಯರಿನಲ್ಲಿ. ಟೇಪನ್ನು ಓದುವ ಭಾಗವಾದ ಹೆಡ್ಡಿನ ಮೇಲಿನ ಕಂದು ಮಸಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿರಿ. ಬಳಿಕ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ತಿರುಪನ್ನು, ಕ್ಯಾಸೆಟ್ ಓಡುತ್ತಿರುವಾಗಲೇ, ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ, ಒಂದು ಕಡೆ ಗಾಯಕರ ದನಿ ಕಂಬಳಿ ಹೊದ್ದಂತಾಗಿ, ಇನ್ನೊಂದು ಕಡೆ ಥಟ್ಟನೆ ತಿಳಿಯಾಗುತ್ತದೆ. ಕ್ಯಾಸೆಟ್ ಮುದ್ರಿಸಿದ ಯಂತ್ರದ ಹೆಡ್ಡಿನ ಓರೆಗೆ ನಿಮ್ಮ ಹೆಡ್ಡಿನ ಓರೆ ಹೊಂದಿದಾಗಲೇ ಸುಸ್ ಸದ್ದೂ ಅತಿ ಹರಿತವಾಗಿ ಕೇಳಿಸುತ್ತದೆ. ಅಲ್ಲಿಯೇ ನಿಲ್ಲಿಸಿ ಮುದ್ರಿಸಿಕೊಳ್ಳಿರಿ. ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ್ದಾದರೆ ಕ್ಯಾಸೆಟ್ಟಿಗೊಮ್ಮೆ ಇದನ್ನು ಮಾಡಬೇಕಾದೀತು.

ಇಳಿಸಿದ ಮೇಲೂ ಕ್ಯಾಸೆಟ್ಟುಗಳನ್ನು ಎಸೆಯಬೇಡಿರಿ. ಬಹಳ ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ನನ್ನ ಮೂವತ್ತು ಕ್ಯಾಸೆಟ್ಟುಗಳನ್ನು ಇಳಿಸಿಕೊಂಡು ಬಂದು, ಮೂಲವನ್ನೆಲ್ಲ ಗುಜರಿಗೆ ಹಾಕಿದ ಬಳಿಕ, ಅವು 64 ಕಿಲೊಬಿಟ್‌ನ ಕಡತಗಳೆಂದು ನೋಡಿಕೊಂಡೆ.

ಬಂಧುಬಳಗಕ್ಕೆ ಹಂಚಲು, ಕಾರಿನಲ್ಲಿ ಕೇಳಲು ಫ್ಲ್ಯಾಕ್‌ನಿಂದ 256ರ ಎಂಪಿಥ್ರೀ ಪ್ರತಿ ಮಾಡಿಕೊಳ್ಳಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿರಿ.

ಇನ್ನು ಹಳೆಯ ಎಂಪಿಥ್ರೀಗಳ ಮಾತು. ಹಿಟ್ಟಾದ ಜೋಳ ಮತ್ತೆ ಕಾಳಾಗದು. ಅವನ್ನು ಫ್ಲ್ಯಾಕ್‌ಗೆ ಬದಲಿಸಿದರೆ 128ರ ಕಡತ ಐದಾರು ಪಟ್ಟು ದಪ್ಪವಾದೀತೇ ಹೊರತು ಕಳೆದದ್ದೇನೂ ಬಾರದು. ಇದ್ದಂತೆಯೇ ಇರಲಿ, ಬೇರೆ ಫೋಲ್ಡರಿನಲ್ಲಿ. ಇಲ್ಲವಾದರೆ ಇನ್ನು ಹತ್ತು ವರ್ಷಕ್ಕೆ ಯಾವುದು ಅಪ್ಪನ ಕ್ಯಾಸೆಟ್ಟಿನಿಂದ ಇಳಿದದ್ದು, ಯಾವುದು ಪೇಟೆಯ ಸಿಡಿಯಿಂದ ಬಂದದ್ದು ಎಂದು ನಿಮ್ಮ ಮಗನಿಗೂ ತಿಳಿಯದಂತಾಗುತ್ತದೆ.